ಗೊಬ್ಬರದ ಜಮಾ-ಖರ್ಚು
(ರೈತರ ಕೂಟದಲ್ಲಿ ಮಾಡಿದ ಭಾಷಣ)



ಸಂಜೆಯ ಹೊತ್ತು ನಿಮ್ಮ ಮನೆಯ ಮಕ್ಕಳು "ರಾಸಾಯನಿಕ ಸಮೀಕರಣವನ್ನು ಸರಿದೂಗಿಸಿರಿ" ಎಂದು ಓದಿಕೊಳ್ಳುವುದನ್ನು ನೀವು ಕೇಳಿರಬಹುದು. ಅದು ಪರೀಕ್ಷೆಗೆ ಕೂರುವವರ ಪಾಠ, ನಮಗೇಕೆ ಎಂದು ಎದ್ದು ಹೋಗಬೇಡಿ. ಆ ಲೆಕ್ಕ ತಿಳಿಯದಿದ್ದರೆ ಗೊಬ್ಬರಕ್ಕೆ ಹಾಕಿದ ಹಣ ಗಾಳಿಪಾಲಾಗುತ್ತದೆ.

ಮಲೆನಾಡು, ಕರಾವಳಿಗಳ ಹುಳಿಮಣ್ಣಿಗೆ ಸುಣ್ಣ ಹಾಕುವುದು ಒಳ್ಳೆಯದೇ. ಆದರೆ ಕೂಲಿ ಉಳಿಯಲೆಂದು ಅರಳಿದ ಸುಣ್ಣವನ್ನೂ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನೂ ಬೆರೆಸಿ ಒಂದೇ ಸಲ ಎರಚಿದರೆ, ತೇವ ತಗುಲಿದೊಡನೆ ಮೂಗಿಗೆ ಘಾಟು ಬಡಿಯುತ್ತದೆ. ಅದೇನೆಂದು ಲೆಕ್ಕ ಹಾಕೋಣ.

ರಾಸಾಯನಿಕ ಕ್ರಿಯೆಯಲ್ಲಿ ಯಾವ ಧಾತುವೂ ಹುಟ್ಟುವುದಿಲ್ಲ, ಯಾವುದೂ ಸಾಯುವುದಿಲ್ಲ. ಜೊತೆ ಮಾತ್ರ ಬದಲಾಗುತ್ತದೆ. ಫ್ರಾನ್ಸಿನ ಲವಾಸಿಯೆ ಎಂಬ ವಿಜ್ಞಾನಿ ಇದನ್ನು 1789ರ ತನ್ನ ಗ್ರಂಥದಲ್ಲಿ ಸಾರಿದ. ತನ್ನ ಜಮೀನಿನಲ್ಲಿ ಬೇಸಾಯದ ಪ್ರಯೋಗಗಳನ್ನೂ ನಡೆಸಿದವನು ಆತ.

ಈಗ ಜಮೆಯ ಕಡೆ ನೋಡಿ. ಒಂದು ಪಾಲು ಅಮೋನಿಯಂ ಸಲ್ಫೇಟ್‌ನಲ್ಲಿ ಸಾರಜನಕ 2, ಜಲಜನಕ 8, ಗಂಧಕ 1, ಆಮ್ಲಜನಕ 4 ಪರಮಾಣು. ಒಂದು ಪಾಲು ಸುಣ್ಣದಲ್ಲಿ ಕ್ಯಾಲ್ಸಿಯಂ 1, ಆಮ್ಲಜನಕ 2, ಜಲಜನಕ 2. ಒಟ್ಟು ಸಾರಜನಕ 2, ಜಲಜನಕ 10, ಆಮ್ಲಜನಕ 6, ಗಂಧಕ 1, ಕ್ಯಾಲ್ಸಿಯಂ 1.

ಖರ್ಚಿನ ಕಡೆ ಬರುವುದು ಕ್ಯಾಲ್ಸಿಯಂ ಸಲ್ಫೇಟ್, ಅಮೋನಿಯಾ ಅನಿಲ ಮತ್ತು ನೀರು. ಮೊದಲನೆಯದರಲ್ಲಿ ಕ್ಯಾಲ್ಸಿಯಂ 1, ಗಂಧಕ 1, ಆಮ್ಲಜನಕ 4. ಅಮೋನಿಯಾದಲ್ಲಿ ಸಾರಜನಕ 1, ಜಲಜನಕ 3. ನೀರಿನಲ್ಲಿ ಜಲಜನಕ 2, ಆಮ್ಲಜನಕ 1. ಒಂದೊಂದೇ ಪಾಲು ಬರೆದರೆ ಸಾರಜನಕ 1, ಜಲಜನಕ 5, ಆಮ್ಲಜನಕ 1 ಕಡಮೆ ಬೀಳುತ್ತದೆ. ಹಾಗೆಂದು ಅಮೋನಿಯಾದೊಳಗಿನ ಅಂಕಿಯನ್ನು ತಿದ್ದುವಂತಿಲ್ಲ. ತಿದ್ದಿದರೆ ಅದು ಬೇರೆ ಪದಾರ್ಥವೇ ಆದೀತು. ಮೂಟೆ ಬಿಚ್ಚಬಾರದು, ಮೂಟೆಗಳ ಸಂಖ್ಯೆ ಹೆಚ್ಚಿಸಬಹುದು. ಅಮೋನಿಯಾ 2, ನೀರು 2 ಎಂದು ಬರೆಯಿರಿ. ಲೆಕ್ಕ ಸರಿಹೋಯಿತು! ಸರಿದೂಗಿಸುವುದೆಂದರೆ ಇಷ್ಟೇ.

ಇದನ್ನೇ ತಕ್ಕಡಿಗೆ ಹಾಕಿ. 132 ಕಿಲೋ ಶುದ್ಧ ಅಮೋನಿಯಂ ಸಲ್ಫೇಟ್ 74 ಕಿಲೋ ಸುಣ್ಣದೊಡನೆ ಪೂರ್ತಿ ಕೂಡಿದರೆ 136 ಕಿಲೋ ಕ್ಯಾಲ್ಸಿಯಂ ಸಲ್ಫೇಟ್, 34 ಕಿಲೋ ಅಮೋನಿಯಾ, 36 ಕಿಲೋ ನೀರು ಆಗುತ್ತವೆ. ಎರಡು ಕಡೆಯೂ 206 ಕಿಲೋ. ಆದರೆ ನೀವು ದುಡ್ಡು ಕೊಟ್ಟ 28 ಕಿಲೋ ಸಾರಜನಕವೆಲ್ಲ ಆ ಅಮೋನಿಯಾದಲ್ಲೇ ಸೇರಿಕೊಂಡಿತು. 45 ಕಿಲೋ ಯೂರಿಯಾ ಚೀಲದಲ್ಲಿರುವುದೇ ಸುಮಾರು 21 ಕಿಲೋ! ಲೆಕ್ಕದಲ್ಲಿ ಏನೂ ನಷ್ಟವಿಲ್ಲ, ನಷ್ಟವೆಲ್ಲ ಹೊಲಕ್ಕೆ. ಆ ಘಾಟು ಪೈರಿನ ಊಟ ಹಾರಿಹೋಗುವ ವಾಸನೆ.

ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ. ಅಮೋನಿಯಂ ಗೊಬ್ಬರವನ್ನು ಆಮೇಲೆ ಪ್ರತ್ಯೇಕವಾಗಿ ಕೊಟ್ಟು ಮಣ್ಣು ಮುಚ್ಚಿ. ಒಲೆಯ ಬೂದಿಯೂ ಸುಣ್ಣದಂತೆಯೇ ಕ್ಷಾರ. ಅದನ್ನೂ ಈ ಗೊಬ್ಬರದೊಡನೆ ಬೆರೆಸಬೇಡಿ. ಇಂದು ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಈ ಲೆಕ್ಕವನ್ನು ಒಮ್ಮೆ ಬರೆಸಿ ನೋಡಿ. ಅವರ ಪಾಠವೂ ಆದೀತು, ನಿಮ್ಮ ಗೊಬ್ಬರವೂ ಉಳಿದೀತು.