ಮಹಾಗಣಕದ ವಠಾರದಲ್ಲಿ

ನಮ್ಮ ಪಟ್ಟಣಗಳ ವಠಾರಗಳನ್ನು ಕಂಡವರು ನಿಮ್ಮಲ್ಲಿ ಹಲವರಿರಬೇಕು. ಒಂದೇ ಹೆಬ್ಬಾಗಿಲು, ಒಂದೇ ಅಂಗಳ, ಒಂದೇ ನಲ್ಲಿ. ಅದನ್ನು ನೆಚ್ಚಿಕೊಂಡು ಎಂಟು ಹತ್ತು ಸಂಸಾರಗಳು. ಅಲ್ಲಿ ಬೆಳೆದವರಿಗೆ ಒಂದು ನಿಯಮ ಯಾರೂ ಹೇಳಿಕೊಡದೆಯೇ ತಿಳಿದಿರುತ್ತಿತ್ತು. ತನ್ನ ಮನೆಯೊಳಗೆ ಏನನ್ನು ಬೇಕಾದರೂ ಬದಲಾಯಿಸಬಹುದು. ಎಲ್ಲರಿಗೂ ಸೇರಿದ ನಲ್ಲಿಯನ್ನು ಮಾತ್ರ ಹೇಳದೆ ಕೇಳದೆ ಬಿಚ್ಚಬಾರದು. ನಾನು ಇಂದು ಹೇಳಹೊರಟಿರುವ ಮಹಾಗಣಕ, ಅಂದರೆ ಸೂಪರ್ ಕಂಪ್ಯೂಟರ್, ಅಂಥದೇ ಒಂದು ವಠಾರ.

ಮಹಾಗಣಕವೆಂದರೆ ಒಂದೇ ಬೃಹತ್ ಯಂತ್ರವೆಂದು ಅನೇಕರ ಕಲ್ಪನೆ. ವಾಸ್ತವವಾಗಿ ಅದು ಅತಿವೇಗದ ಸಂಪರ್ಕಜಾಲದಿಂದ ಬೆಸೆದ ನೂರಾರು, ಕೆಲವೆಡೆ ಸಾವಿರಾರು ಗಣಕಗಳ ಸಮೂಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ಪರಮ್ ಪ್ರವೇಗದ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಗಣಿತಕ್ರಿಯೆಗಳು. ಇಂಥ ಯಂತ್ರವನ್ನು ಒಬ್ಬರಿಗೇ ಮೀಸಲಿಡಲಾಗದು. ಮಳೆಗಾಳಿಯ ಗತಿಯನ್ನು ಲೆಕ್ಕ ಹಾಕುವವರು, ಪ್ರೋಟೀನಿನ ಮಡಿಕೆಗಳನ್ನು ಅರಸುವವರು, ವಿಮಾನದ ರೆಕ್ಕೆಯನ್ನು ರೂಪಿಸುವವರು ಏಕಕಾಲದಲ್ಲಿ ಅದರ ಮುಂದೆ ಸಾಲುಗಟ್ಟುತ್ತಾರೆ. ಒಬ್ಬರಿಗೆ ಬೇಕಾದ ತಂತ್ರಾಂಶ ಇನ್ನೊಬ್ಬರಿಗೆ ಬೇಡ. ಬೇಕಾದರೂ ಅದರ ಹಳೆಯ ಆವೃತ್ತಿ ಬೇಕು. ಮನೆಯ ಗಣಕದಲ್ಲಿ ಹೊಸದು ಬಂದು ಹಳೆಯದರ ಜಾಗದಲ್ಲಿ ಕುಳಿತರೆ ಹೆಚ್ಚಿನ ಬಾಧೆಯಿಲ್ಲ. ವಠಾರದಲ್ಲಿ ಹಾಗಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷ ಇಂಥದೊಂದು ಯಂತ್ರದ ತಂತ್ರಾಂಶಗಳನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಒಂದು ಬೆಳಿಗ್ಗೆ ಹವಾಮಾನದ ವಿಷಯದಲ್ಲಿ ಸಂಶೋಧನೆ ನಡೆಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಬಂದು, “ಸಾರ್, ಪ್ರೋಗ್ರಾಮಿನಲ್ಲಿ ಒಂದಕ್ಷರವನ್ನೂ ನಾನು ಬದಲಾಯಿಸಿಲ್ಲ. ಆದರೂ ಹೋದ ತಿಂಗಳು ಬಂದ ಅಂಕಿಗಳು ಈಗ ಬರುತ್ತಿಲ್ಲ” ಎಂದಳು. ಪ್ರಬಂಧ ಒಪ್ಪಿಸುವ ದಿನ ಹತ್ತಿರವಿತ್ತು. “ಎಲ್ಲೋ ಕೈತಪ್ಪಿರಬೇಕು, ಇನ್ನೊಮ್ಮೆ ನೋಡಮ್ಮ” ಎಂದು ಕಳುಹಿಸಿಬಿಟ್ಟೆ. ಮೂರು ವಾರ ಆಕೆ ತನ್ನಲ್ಲಿ ಇಲ್ಲದ ತಪ್ಪನ್ನು ಹುಡುಕಿದಳು. ಆಮೇಲೆ ನನಗೆ ನೆನಪಾಯಿತು: ಒಂದು ಭಾನುವಾರದ ರಾತ್ರಿ ಗಣಿತದ ಲೈಬ್ರರಿಯೊಂದನ್ನು ತೆಗೆದು, ಅದೇ ಜಾಗದಲ್ಲಿ ಅದೇ ಹೆಸರಿನಿಂದ ಹೊಸ ಆವೃತ್ತಿಯನ್ನು ಇರಿಸಿದವನು ನಾನೇ. ವೇಗ ಹೆಚ್ಚಲೆಂಬುದು ನನ್ನ ಉದ್ದೇಶ, ಯಾರಿಗೂ ತಿಳಿಸಿರಲಿಲ್ಲ.

ಹೊಸ ಲೈಬ್ರರಿ ತಪ್ಪಾಗಿತ್ತೇ? ಇಲ್ಲ. ಗಣಕವು ಸಾಮಾನ್ಯವಾಗಿ ಸಂಖ್ಯೆಯ ಸುಮಾರು 16 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಕೂಡುವ ಅನುಕ್ರಮ ಬದಲಾದರೆ ಕೊನೆಯ ಅಂಕಿ ಬದಲಾಗಬಹುದು. ಹವಾಮಾನದ ಲೆಕ್ಕದಲ್ಲಿ ಆ ಕಿಂಚಿತ್ ವ್ಯತ್ಯಾಸವೇ ಬೆಳೆದು ಹೆಮ್ಮರವಾಗುತ್ತದೆ. 1961ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 0.506127 ಎಂಬ ಸಂಖ್ಯೆಯ ಬದಲು 0.506 ಎಂದು ಯಂತ್ರಕ್ಕೆ ಉಣಿಸಿದಾಗ, ಅವರ ಮಾದರಿಯ ಹವೆ ಪೂರ್ತಿ ಬೇರೆಯೇ ಆದುದು ಪ್ರಸಿದ್ಧ. ನನ್ನ ತಪ್ಪು ಹೊಸದನ್ನು ತಂದದ್ದಲ್ಲ, ಹಳೆಯದನ್ನು ಅಳಿಸಿದ್ದು. ಅದನ್ನು ಯಾವ ಕಂಪೈಲರಿನಿಂದ, ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದೆವೆಂಬ ಬರಹವೂ ನಮ್ಮಲ್ಲಿರಲಿಲ್ಲ. ಆಕೆ ಎಲ್ಲ ಲೆಕ್ಕಗಳನ್ನೂ ಮೊದಲಿನಿಂದ ಮಾಡಿದಳು. ಪದವಿ ತಿಂಗಳುಗಟ್ಟಲೆ ತಡವಾಯಿತು.

ಈ ತೊಡಕಿಗೆ ಬಲ್ಲವರು ಬಹಳ ಹಿಂದೆಯೇ ಪರಿಹಾರ ಹುಡುಕತೊಡಗಿದ್ದರು. 1991ರಲ್ಲಿ ಜಾನ್ ಫರ್ಲಾನಿ ‘ಮಾಡ್ಯೂಲ್ಸ್’ ಎಂಬ ಸಾಧನವನ್ನು ಪ್ರಕಟಿಸಿದರು. ಪ್ರತಿ ಆವೃತ್ತಿಯೂ ತನ್ನದೇ ಕೋಣೆಯಲ್ಲಿರುತ್ತದೆ. ಬಳಸುವವನು ತನಗೆ ಬೇಕಾದುದರ ಹೆಸರು ಹೇಳಿದರೆ ಅವನ ದಾರಿಯಷ್ಟೇ ಆ ಕೋಣೆಗೆ ತಿರುಗುತ್ತದೆ, ನೆರೆಯವನ ದಾರಿಗೆ ಧಕ್ಕೆಯಿಲ್ಲ. ಆದರೆ ಇದು ದಾರಿ ತೋರುತ್ತದೆಯೇ ಹೊರತು ಕೋಣೆ ಕಟ್ಟಿಕೊಡುವುದಿಲ್ಲ. ಮೂರು ಕಂಪೈಲರು, ಮೂರು ಬಗೆಯ ಸಂವಹನ ಲೈಬ್ರರಿ, ಒಂದು ತಂತ್ರಾಂಶದ ನಾಲ್ಕು ಆವೃತ್ತಿ ಎಂದರೆ ಆಗಲೇ 36 ಕೋಣೆಗಳು. ಅವನ್ನು ಕೈಯಿಂದ ಕಟ್ಟುವವನ ಪಾಡನ್ನು ಊಹಿಸಿಕೊಳ್ಳಿ.

ಆ ದುಡಿಮೆಯನ್ನು ಯಂತ್ರಕ್ಕೇ ವಹಿಸುವ ಸಾಧನಗಳು ಮುಂದೆ ಬಂದವು. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದಲ್ಲಿ ‘ಈಸಿಬಿಲ್ಡ್’ ಹುಟ್ಟಿತು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಟಾಡ್ ಗ್ಯಾಂಬ್ಲಿನ್ 2013ರಲ್ಲಿ ‘ಸ್ಪ್ಯಾಕ್’ ಆರಂಭಿಸಿದರು. ಇಲ್ಲಿ ಪ್ರತಿ ತಂತ್ರಾಂಶಕ್ಕೂ ಒಂದು ಪಾಕವಿಧಾನ. ಆವೃತ್ತಿ, ಕಂಪೈಲರು, ಆಯ್ಕೆಗಳು, ಅದು ಅವಲಂಬಿಸಿದ ಇತರ ಲೈಬ್ರರಿಗಳು, ಇವೆಲ್ಲವುಗಳಿಂದ ಲೆಕ್ಕಹಾಕಿದ 32 ಅಕ್ಷರಗಳ ಗುರುತು ಅದರ ಕೋಣೆಯ ಹೆಸರಿಗೆ ಅಂಟಿಕೊಳ್ಳುತ್ತದೆ. ಒಳಗಿನ ಒಂದು ಎಳೆ ಬದಲಾದರೂ ಗುರುತು ಬದಲಾಗುತ್ತದೆ. ಹೊಸದು ಬೇರೆ ಕೋಣೆಗೆ ಹೋಗುತ್ತದೆ. ಹಳೆಯದರ ಮೇಲೆ ಹೊಸದು ಕೂರುವಂತಿಲ್ಲ. ಮೇಲಾಗಿ, ಒಡೆತನದ ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರನೂ ತನ್ನ ಪಾಲಿನ ಜಾಗದಲ್ಲಿ ತನಗೆ ಬೇಕಾದುದನ್ನು ಕಟ್ಟಿಕೊಳ್ಳಬಹುದು.

ಇದರಿಂದ ಸಕಲ ಕಷ್ಟವೂ ನೀಗಿತೆಂದು ಹೇಳಲಾರೆ. ಕೋಣೆಗಳು ಹೆಚ್ಚಿದಂತೆ ಜಾಗ ತುಂಬುತ್ತದೆ. ಯಾವುದನ್ನು ತೆರವು ಮಾಡುವುದೆಂಬ ಚರ್ಚೆ ಏಳುತ್ತದೆ. ಯಂತ್ರವೇ ಮುದಿಯಾಗಿ ಹೊಸದು ಬಂದಾಗ ಅದೇ ಪಾಕದಿಂದ ಅದೇ ರುಚಿ ಬಂದೀತೆಂಬ ಭರವಸೆಯಿಲ್ಲ. ಆದರೆ ಏನನ್ನು, ಹೇಗೆ ಕಟ್ಟಿದ್ದೆವೆಂಬ ಬರಹ ಉಳಿದಿರುತ್ತದೆ. ಒಬ್ಬರು ಕಂಡ ಫಲವನ್ನು ಇನ್ನೊಬ್ಬರು ಪರೀಕ್ಷಿಸಲಾಗದಿದ್ದರೆ ಅದನ್ನು ವಿಜ್ಞಾನವೆಂದು ಕರೆಯುವುದು ಕಷ್ಟ. ಆ ಪರೀಕ್ಷೆಗೆ ಈ ಬರಹವೇ ಆಧಾರ.

ಆ ವಿದ್ಯಾರ್ಥಿನಿಯ ಪ್ರಬಂಧದ ಒಂದು ಪ್ರತಿ ನನ್ನಲ್ಲಿದೆ. ಅದರ ಕೊನೆಯ ಅನುಬಂಧದಲ್ಲಿ ತಾನು ಬಳಸಿದ ಪ್ರತಿಯೊಂದು ಲೈಬ್ರರಿಯ ಹೆಸರು, ಆವೃತ್ತಿ, ಕಟ್ಟಿದ ದಿನಾಂಕಗಳನ್ನು ಎರಡು ಪುಟ ತುಂಬ ಆಕೆ ಬರೆದಿದ್ದಾಳೆ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರೂ ಇದೆ. ಆ ಎರಡು ಪುಟಗಳನ್ನು ಬರೆದಿಡಬೇಕಾಗಿದ್ದವನು ನಾನು ಎಂಬುದು ನೆನಪಾದಾಗ, ಆ ಕೃತಜ್ಞತೆಯನ್ನು ಓದಲು ಈಗಲೂ ಸಂಕೋಚವಾಗುತ್ತದೆ.