ನಿಂತ ದೀಪ, ನಡೆವ ಹಡಗು

ಇರುಳಿನಲ್ಲಿ ಹೆದ್ದಾರಿಯ ಬದಿ ನಿಂತು ನೋಡಿದ್ದೀರಾ? ನೇರವಾಗಿ ನಮ್ಮತ್ತ ಬರುವ ಲಾರಿಯ ದೀಪ ಬಹಳ ಹೊತ್ತು ನಿಂತಲ್ಲೇ ನಿಂತಂತೆ ತೋರುತ್ತದೆ. ಇಂಥದೇ ಒಂದು ಭ್ರಮೆ ದೊಡ್ಡ ಯುದ್ಧನೌಕೆಯೊಂದನ್ನು ಮುಳುಗಿಸಿದ ಸಂಗತಿಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಅದು 2018ರ ನವೆಂಬರ್ 8, ಬೆಳಗಿನ ಜಾವ ನಾಲ್ಕು ಗಂಟೆ. ನಾರ್ವೆಯ ಪಶ್ಚಿಮ ತೀರದಲ್ಲಿ, ಬೆರ್ಗೆನ್ ನಗರದ ವಾಯವ್ಯಕ್ಕಿರುವ ಕಿರಿದಾದ ಕಡಲ ಹಾದಿ. 137 ಮಂದಿಯಿದ್ದ 'ಹೆಲ್ಗೆ ಇಂಗ್‌ಸ್ಟಾಡ್' ಎಂಬ ಯುದ್ಧನೌಕೆ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ದಕ್ಷಿಣಕ್ಕೆ ಸಾಗಿತ್ತು. ಕಚ್ಚಾ ಎಣ್ಣೆ ತುಂಬಿದ 'ಸೋಲಾ ಟಿಎಸ್' ಎಂಬ ತೈಲನೌಕೆ ಸ್ತೂರೆ ರೇವಿನಿಂದ ಆಗಷ್ಟೇ ಹೊರಟು ಉತ್ತರಕ್ಕೆ ತಿರುಗುತ್ತಿತ್ತು. ಅದರ ಮೇಲ್ತಟ್ಟಿನ ಕೆಲಸದ ದೀಪಗಳು ಇನ್ನೂ ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಸಂಚಾರದ ದೀಪಗಳು ಮರೆಯಾದವು.

ಯುದ್ಧನೌಕೆಯಲ್ಲಿ ಪಹರೆ ಬದಲಾಗುವ ಹೊತ್ತು. ಇಳಿಯುವವರೂ ಏರುವವರೂ ಆ ದೀಪಗಳನ್ನು ಕಂಡು, ರೇವಿನ ಬಳಿ ನಿಂತ ಯಾವುದೋ ವಸ್ತುವೆಂದು ಬಗೆದರು. ಮೊದಲು ಕಂಡಾಗ ಅದು ನಿಜವೂ ಆಗಿತ್ತು. ಆದರೆ ಹಡಗು ರೇವನ್ನು ಬಿಟ್ಟ ಮೇಲೂ ಅವರ ಎಣಿಕೆ ರೇವನ್ನು ಬಿಡಲಿಲ್ಲ.

ಯುದ್ಧನೌಕೆ ತನ್ನ ಗುರುತನ್ನು ಪ್ರಸಾರ ಮಾಡುತ್ತಿರಲಿಲ್ಲ. ಫೆದ್ಯೆಯ ಸಂಚಾರ ಕೇಂದ್ರದವರೂ ಅದರ ಮೇಲೆ ಕಣ್ಣಿಟ್ಟಿರಲಿಲ್ಲ. ಕೊನೆಗೆ ಹೆಸರು ತಿಳಿದಾಗ ತೈಲನೌಕೆಯ ಪೈಲಟ್ ರೇಡಿಯೋದಲ್ಲಿ, ಕೂಡಲೇ ಬಲಕ್ಕೆ ತಿರುಗಿರೆಂದು ಕೇಳಿಕೊಂಡರು. ಕರೆಯುತ್ತಿರುವುದು ಬೇರೊಂದು ಹಡಗೆಂದು ತಿಳಿದ ಪಹರೆಯ ಅಧಿಕಾರಿ, ಬಲಕ್ಕೆ ತಿರುಗಿದರೆ ಆ ದೀಪಗಳಿಗೇ ಬಡಿದೇವೆಂದು ಹಿಂಜರಿದರು. ಕ್ಷಣಗಳಲ್ಲಿ ಯುದ್ಧನೌಕೆಯ ಬಲಪಾರ್ಶ್ವ ಸೀಳಿತು.

ಪುಣ್ಯವಶಾತ್ ಯಾರ ಪ್ರಾಣವೂ ಹೋಗಲಿಲ್ಲ. ತೈಲನೌಕೆಯ ಎಣ್ಣೆಯೂ ಚೆಲ್ಲಲಿಲ್ಲ. ಯುದ್ಧನೌಕೆ ಮಾತ್ರ ಐದು ದಿನಗಳ ಬಳಿಕ ಬಹುಪಾಲು ಮುಳುಗಿತು. 2019ರಲ್ಲಿ ಮೇಲೆತ್ತಿದರೂ ದುರಸ್ತಿ ಲಾಭದಾಯಕವಲ್ಲವೆಂದು ಅದನ್ನು ಗುಜರಿಗೆ ಹಾಕಿದರು.

2023ರಲ್ಲಿ ನ್ಯಾಯಾಲಯ ಪಹರೆಯ ಅಧಿಕಾರಿಯೊಬ್ಬರನ್ನೇ ತಪ್ಪಿತಸ್ಥರೆಂದಿತು. ಅಪಘಾತದ ತನಿಖೆಯಾದರೋ ಅನುಭವದ ಕೊರತೆ, ಉರಿಯುತ್ತಿದ್ದ ದೀಪಗಳು, ಸಂಚಾರ ಕೇಂದ್ರದ ಲೋಪ, ಇವೆಲ್ಲವನ್ನೂ ಎತ್ತಿ ತೋರಿಸಿತ್ತು.

ನಾವಿಕರಲ್ಲಿ ಹಳೆಯದೊಂದು ನಿಯಮವಿದೆ: ಎದುರಿನ ದೀಪದ ದಿಕ್ಕು ಬದಲಾಗದೆ ಅಂತರ ಮಾತ್ರ ಕಿರಿದಾಗುತ್ತಿದ್ದರೆ, ಡಿಕ್ಕಿ ಖಂಡಿತವೆಂದು ತಿಳಿ. ರಾಡಾರಿದ್ದರೂ ಆ ಅಳತೆಯನ್ನು ಮತ್ತೆ ಮತ್ತೆ ತೆಗೆಯಬೇಕಾದವನು ಮನುಷ್ಯನೇ. ಒಮ್ಮೆ ಕಂಡದ್ದನ್ನು ಇನ್ನೊಮ್ಮೆ ನೋಡುವ ತಾಳ್ಮೆ, ಪಹರೆಯವನಿಗೆ ಅದಕ್ಕಿಂತ ದೊಡ್ಡ ವಿದ್ಯೆ ಬೇರೆ ಯಾವುದಿದೆ?