ಮಂಗನ ಕಾಯಿಲೆ: ಸಂಶೋಧನೆ ಊರು ಮುಟ್ಟುವುದೆಂದು?

(ಉಪನ್ಯಾಸದ ಪಠ್ಯ)



1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದೇ ವರ್ಷ ಹೊಸದೊಂದು ವೈರಾಣುವನ್ನು ಪತ್ತೆಹಚ್ಚಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ಬೇಗನೆ ಖಚಿತವಾಯಿತು. ಇಷ್ಟು ಶೀಘ್ರವಾಗಿ ಗುರುತಿಸಲ್ಪಟ್ಟ ಕಾಯಿಲೆ 2024ರಲ್ಲಿಯೂ ಮಲೆನಾಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಇದಕ್ಕೆ ಜ್ಞಾನದ ಕೊರತೆಯೊಂದೇ ಕಾರಣವೆ? ಗಳಿಸಿದ ಜ್ಞಾನವು ಸಕಾಲದಲ್ಲಿ ತೀರ್ಮಾನವಾಗಿ ಮಾರ್ಪಡದಿರುವುದೂ ಕಾರಣವಲ್ಲವೆ?

ಲಸಿಕೆಯ ಕಥೆಯನ್ನೇ ನೋಡಬಹುದು. 1990ರ ದಶಕದ ಆರಂಭದ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಸಲ ಲಸಿಕೆ ಪಡೆದವರಿಗೆ ಶೇ. 94ರಷ್ಟು ರಕ್ಷಣೆ ದೊರೆತಿತ್ತು. ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವು 2013ರಲ್ಲಿ ಪ್ರಕಟವಾದಾಗ, ಆ ಪ್ರಮಾಣ ಸುಮಾರು ಶೇ. 62ಕ್ಕೆ ಇಳಿದಿತ್ತು, ಬಲವರ್ಧಕ ಲಸಿಕೆಯನ್ನೂ ಪಡೆದವರಲ್ಲಿ ಸುಮಾರು ಶೇ. 83. ಚುಚ್ಚುಮದ್ದಿನ ನೋವು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾದ ಕಷ್ಟಗಳಿಂದಾಗಿ ಲಸಿಕೆ ಪಡೆದವರ ಸಂಖ್ಯೆಯೂ ಕಡಿಮೆಯಿತ್ತು. ಇಷ್ಟು ತಿಳಿದ ಮೇಲೂ ಅದೇ ಲಸಿಕೆಯ ಬಳಕೆ 2022ರವರೆಗೆ ಮುಂದುವರಿಯಿತು. ಅಧ್ಯಯನವು ಹೊರಬಂದ ದಿನವೇ ಬದಲಿ ಲಸಿಕೆಯ ಕಾರ್ಯ ಆರಂಭವಾಗಬೇಕಿತ್ತು.

ಇನ್ನು ಕಾಡಿನ ಮಾತು. 1969ರಷ್ಟು ಹಿಂದೆಯೇ ವಿಜ್ಞಾನಿ ಬೊಶೆಲ್ ಅವರು, ಕಾಡು ಕಡಿದು ವಸತಿ ವಿಸ್ತರಿಸುವುದಕ್ಕೂ, ಕಾಡಿನಂಚಿನಲ್ಲಿ ದನಗಳು ಮೇಯುವುದಕ್ಕೂ, ಉಣುಗುಗಳ ವೃದ್ಧಿಗೂ ಇರುವ ಸಂಬಂಧವನ್ನು ವಿವರಿಸಿದ್ದರು. ಕಾಯಿಲೆಯನ್ನು ಮಂಗನ ತಲೆಗೆ ಕಟ್ಟುವುದು ಸುಲಭ. ಮಂಗವೂ ಅದೇ ವೈರಾಣುವಿಗೆ ಬಲಿಯಾಗುವ ಪ್ರಾಣಿ. ಅದರ ಸಾವು ಎಚ್ಚರಿಕೆಯ ಗಂಟೆ. ಆದರೆ ದಟ್ಟ ಕಾಡಿನಲ್ಲಿ ಸತ್ತ ಮಂಗಗಳೆಲ್ಲ ಕಣ್ಣಿಗೆ ಬೀಳುವುದಿಲ್ಲ. ಶವ ಕಾಣಲಿಲ್ಲವೆಂದ ಮಾತ್ರಕ್ಕೆ ಊರು ಸುರಕ್ಷಿತವೆಂದು ಭಾವಿಸಲಾಗದು.

ಇದಕ್ಕೆ ಪರಿಹಾರದ ದಾರಿಯನ್ನು ತೋರಿದ ಪ್ರಯತ್ನವೂ ಇದೆ. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಆರೋಗ್ಯ, ಪಶುವೈದ್ಯ ಹಾಗೂ ಅರಣ್ಯ ಇಲಾಖೆಗಳವರೊಡನೆ ಕುಳಿತು, ಅವರಿಗೆ ಬೇಕಾದ ಮಾಹಿತಿ ಯಾವುದೆಂದು ಕೇಳಿ, ಅಪಾಯದ ನೆಲೆಗಳ ನಕ್ಷೆ ರೂಪಿಸಿದರು. ಅದು 2020ರಲ್ಲಿ ಪ್ರಕಟವಾಯಿತು. ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಹೆಣೆದುಕೊಂಡ, ನಾಡತಳಿಯ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಅಪಾಯ ಅಧಿಕವೆಂದು ಅದು ಹೇಳಿತು. ಇಂಥ ನಕ್ಷೆಯ ಬೆಲೆ ಇರುವುದು ಉಪಯೋಗದಲ್ಲಿ. ಕಾಯಿಲೆಯ ಕಾಲ ಸಾಮಾನ್ಯವಾಗಿ ನವೆಂಬರಿನಿಂದ ಮೇ ತಿಂಗಳವರೆಗೆ. ಫೆಬ್ರುವರಿಯಲ್ಲಿ ಬರುವ ವರದಿ ಎಷ್ಟೇ ನಿಖರವಾಗಿರಲಿ, ಆ ವರ್ಷದ ರೋಗಿಗೆ ಅದು ಮಳೆ ನಿಂತ ಮೇಲೆ ಹಿಡಿದ ಕೊಡೆ.

ಆದುದರಿಂದ ಮೂರು ಕಾರ್ಯಗಳು ಅಗತ್ಯ. ಒಂದು, ಮಂಗನ ಸಾವು, ಉಣುಗಿನ ಪರೀಕ್ಷೆ, ಜ್ವರದ ರೋಗಿಗಳ ವಿವರಗಳು ಮೂರು ಇಲಾಖೆಗಳ ಕಡತಗಳಲ್ಲಿ ಪ್ರತ್ಯೇಕವಾಗಿ ಉಳಿಯದೆ ಒಂದೆಡೆ ಸೇರಬೇಕು. ಎರಡು, ಅಧ್ಯಯನದ ಫಲಿತಾಂಶವು ಮಳೆಗಾಲ ಮುಗಿಯುವ ಮೊದಲೇ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ತಲುಪಬೇಕು. ಮೂರು, ಸಲಹೆಗಳು ಬದುಕಿಗೆ ಹೊಂದಬೇಕು. ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ದನಕ್ಕೆ ಮೇವು ಕಾಡಿನಿಂದಲೇ ಬರಬೇಕಾದ ಮನೆಗೆ, 'ಕಾಡಿಗೆ ಹೋಗಬೇಡಿ' ಎಂಬ ಫಲಕ ಉತ್ತರವಾಗದು. ಮೈಗೆ ಹಚ್ಚುವ ಉಣುಗು ನಿವಾರಕ ತೈಲವು ಹೋಗುವ ಮುನ್ನವೇ ಕೈಗೆ ದೊರೆಯಬೇಕು.

ಕಾಡಿಗೆ ಹೋಗುವ ಕೂಲಿಯವಳು ತಿಳಿದಿರುವ ಸಂಗತಿಗಳನ್ನು ಸಂಶೋಧಕನು ಕೇಳಬೇಕು. ಸಂಶೋಧಕನು ಕಂಡುಕೊಂಡದ್ದು ಅವಳ ಮನೆಯ ಜಗುಲಿಗೆ ಮರಳಬೇಕು. ಈ ಹೋಗಿಬರುವ ದಾರಿ ತೆರೆದಾಗಲೇ ವಿಜ್ಞಾನವು ಜನರ ಆರೋಗ್ಯವನ್ನು ಕಾಯಬಲ್ಲದು.